ಬುಗಿಸ್ ಜನರ ಐದು ಲಿಂಗತ್ವಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಡೋನೇಷ್ಯಾದ ಬುಗಿಸ್ ಜನರಲ್ಲಿ ಐದು ಲಿಂಗತ್ವಗಳಿವೆ, ಅಂದರೆ ಗಂಡು, ಹೆಣ್ಣು ಅನ್ನುವ ಥರದ ಗುರುತುಗಳು ಐದಿವೆ ಅನ್ನುವ ಚಿತ್ರವೊಂದು ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತದೆ. ಐದು ಬಣ್ಣದ ಚೌಕ, ಐದು ಹೆಸರು, ಅಷ್ಟೇ. ನೋಡಿದ ಕೆಲವರು ಇದೆಲ್ಲ ಕಟ್ಟುಕಥೆ ಅನ್ನುತ್ತಾರೆ. ಇನ್ನು ಕೆಲವರು, ಅಬ್ಬಾ, ಅಲ್ಲಿ ಎಲ್ಲರೂ ಎಷ್ಟು ಆರಾಮಾಗಿದ್ದಾರೆ ಅನ್ನುತ್ತಾರೆ. ಎರಡೂ ತಪ್ಪು. ಈ ವಿಷಯವನ್ನು ನಾನು ಹಲವು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಮನೆಯವರು, ಸ್ನೇಹಿತರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಒಂದೇ ಕಡೆ ಸೇರಿಸಿ ಉತ್ತರ ಬರೆದಿದ್ದೇನೆ.

ಬುಗಿಸ್ ಅಂದರೆ ಯಾರು? ಎಲ್ಲಿಯವರು?

ನಕ್ಷೆಯಲ್ಲಿ ಸುಲಾವೆಸಿ ದ್ವೀಪ ನೋಡಿ. ಕೈಕಾಲು ಚಾಚಿಕೊಂಡು ಮಲಗಿದ ಹಾಗಿದೆ. ಅದರ ಕೆಳಗಿನ ಎಡಗಾಲೇ ದಕ್ಷಿಣ ಸುಲಾವೆಸಿ. ಬುಗಿಸರು, ಅವರ ನೆರೆಯ ಮಕಾಸ್ಸರ್ ಜನ, ಬೆಟ್ಟದ ಮೇಲಿನ ತೊರಾಜರು ಎಲ್ಲರೂ ಅಲ್ಲಿನವರು. 2010ರ ಜನಗಣತಿಯ ಪ್ರಕಾರ ಇಂಡೋನೇಷ್ಯಾದಲ್ಲಿ 60 ಲಕ್ಷಕ್ಕೂ ಹೆಚ್ಚು ಬುಗಿಸರಿದ್ದಾರೆ. ಭತ್ತ ಬೆಳೆಯುತ್ತಾರೆ, ಹಡಗು ನಡೆಸುತ್ತಾರೆ, ವ್ಯಾಪಾರಕ್ಕೆ ಎಲ್ಲಿಗೆ ಬೇಕಾದರೂ ಹೋಗುತ್ತಾರೆ. ಬೋನೆ, ವಾಜೊ, ಸೊಪ್ಪೆಂಗ್, ಲುವು ಇವು ಅವರ ಹಳೆಯ ರಾಜ್ಯಗಳು. 17ನೇ ಶತಮಾನದ ಆರಂಭದಲ್ಲಿ ಇಸ್ಲಾಂಗೆ ಬಂದರು, ಇವತ್ತು ಹೆಚ್ಚುಕಮ್ಮಿ ಎಲ್ಲರೂ ಮುಸ್ಲಿಮರು.

ಅವರ ಲಿಪಿಯ ಹೆಸರು ಲೊಂತಾರ. ತಾಳೆಗರಿಗೆ ಅಲ್ಲಿ ಹೇಳುವ ಮಾತಿನಿಂದಲೇ ಆ ಹೆಸರು ಬಂದಿದ್ದು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳ ಸಾಲಿನಲ್ಲಿ ಅದೂ ಒಂದು, ಅಂದರೆ ನಮ್ಮ ಕನ್ನಡ ಲಿಪಿಗೆ ದೂರದ ಸಂಬಂಧಿ.

ಆ ಐದು ಯಾವುವು?

ಒರೋಆನೆ ಅಂದರೆ ಗಂಡು. ಮಕ್ಕುನ್ರಾಯ್ ಅಂದರೆ ಹೆಣ್ಣು. ಚಲಬಾಯ್ ಅಂದರೆ ಗಂಡು ದೇಹದಲ್ಲಿ ಹುಟ್ಟಿ, ಉಡುಗೆ, ನಡೆ, ಕೆಲಸದಲ್ಲಿ ಹೆಣ್ಣಿನ ಕಡೆಗೆ ಇರುವವರು. ಚಲಲಾಯ್ ಅಂದರೆ ಹೆಣ್ಣು ದೇಹದಲ್ಲಿ ಹುಟ್ಟಿ ಗಂಡಿನ ಕಡೆಗೆ ಇರುವವರು. ಐದನೆಯವರು ಬಿಸ್ಸು. ಇವರು ಪೂಜೆ ಮಾಡುವವರು, ಗಂಡೂ ಹೆಣ್ಣೂ ಒಟ್ಟಿಗೆ ಇರುವವರು. ಬಿಸ್ಸುಗಳನ್ನು ಉಳಿದ ನಾಲ್ವರ ಸಾಲಿನಲ್ಲೇ ನಿಲ್ಲಿಸುವುದು ಅಷ್ಟು ಸರಿ ಬರುವುದಿಲ್ಲ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಐದು ಅಂತ ಎಣಿಸಿದ್ದು ಯಾರು?

ಒಳ್ಳೆಯ ಪ್ರಶ್ನೆ. ಬುಗಿಸ್ ಹಳ್ಳಿಯಲ್ಲಿ ಅಜ್ಜಿಯೊಬ್ಬರನ್ನು ಕೂರಿಸಿಕೊಂಡು ನಿಮ್ಮಲ್ಲಿ ಲಿಂಗತ್ವ ಎಷ್ಟು ಅಂತ ಕೇಳಿದರೆ ಆ ಪ್ರಶ್ನೆಯೇ ಅವರಿಗೆ ಹೊಸದು. ನಾವು ಲಿಂಗತ್ವ ಅನ್ನುವುದಕ್ಕೆ ಸರಿಯಾಗಿ ಕೂರುವ ಒಂದು ಪದ ಬುಗಿಸ್ ಭಾಷೆಯಲ್ಲಿ ಇಲ್ಲ. ಐದು ಹೆಸರುಗಳು ಮಾತ್ರ ಅವರದೇ, ಹಳೆಯವೇ, ದಿನದ ಮಾತಿನಲ್ಲಿ ಇರುವವೇ. ಅವನ್ನು ಸಾಲಾಗಿ ಜೋಡಿಸಿ ಐದು ಅಂತ ಲೆಕ್ಕ ಹಾಕಿ ಹೊರಗಿನ ಓದುಗರಿಗೆ ತಿಳಿಸಿದ್ದು ಸಂಶೋಧಕರು. ಮುಖ್ಯವಾಗಿ ಮಾನವಶಾಸ್ತ್ರಜ್ಞೆ ಶ್ಯಾರನ್ ಗ್ರಹಾಮ್ ಡೇವೀಸ್. 1990ರ ದಶಕದ ಕೊನೆಯಲ್ಲಿ ಅವರು ದಕ್ಷಿಣ ಸುಲಾವೆಸಿಯಲ್ಲಿ ಇದ್ದುಕೊಂಡು ಈ ಜನರ ಜೊತೆ ಓಡಾಡಿದವರು.

ಹೆಸರು ಅವರದು, ಎಣಿಕೆ ಹೊರಗಿನದು. ಇದನ್ನು ನೆನಪಿಟ್ಟುಕೊಂಡರೆ ವಾಟ್ಸಾಪ್ ಚಿತ್ರ ಮಾಡುವ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಬಿಸ್ಸು ಏನು ಮಾಡುತ್ತಾರೆ?

ನನಗೆ ಇಡೀ ವಿಷಯದಲ್ಲಿ ಹೆಚ್ಚು ಹಿಡಿಸಿದ್ದು ಇದೇ. ಸ್ವಲ್ಪ ಉದ್ದ ಬರೆಯುತ್ತೇನೆ.

ಬುಗಿಸರಿಗೆ ಲಾ ಗಲಿಗೊ ಅನ್ನುವ ಮಹಾಕಾವ್ಯವಿದೆ. ಜಗತ್ತಿನ ಅತಿ ಉದ್ದದ ಕಾವ್ಯಗಳಲ್ಲಿ ಒಂದು. ಅದರ ಹಸ್ತಪ್ರತಿ 2011ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು. 12 ಸಂಪುಟಗಳ ದೊಡ್ಡ ಪ್ರತಿ ಈಗ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿದೆ. ಅದನ್ನು 19ನೇ ಶತಮಾನದಲ್ಲಿ ಕುಳಿತು ಬರೆದುಕೊಟ್ಟಿದ್ದು ಚೊಲ್ಲಿಕ್ ಪುಜಿಯೆ ಅನ್ನುವ ಬುಗಿಸ್ ರಾಜಮನೆತನದ ಹೆಣ್ಣುಮಗಳು. ಆ ಕಥೆಯಲ್ಲಿ ಭೂಮಿ ಖಾಲಿ ಇರುತ್ತದೆ. ಮೇಲಿನ ಲೋಕದಿಂದ ಬಟಾರ ಗುರು ಬಿದಿರಿನೊಳಗೆ ಕೂತು ಇಳಿದು ಬರುತ್ತಾನೆ. ಆ ಹೆಸರು ಕೇಳಿದರೆ ನಮ್ಮ ಭಟ್ಟಾರ, ಗುರು ನೆನಪಾಗುತ್ತದೆ, ಅಲ್ವಾ? ಮೂಲ ಅದೇ. ದೇವರ ಮಕ್ಕಳು ಇಳಿದು ಬಂದಾಗ ಬಿಸ್ಸುಗಳೂ ಜೊತೆಗೇ ಬಂದರು ಅನ್ನುವುದು ನಂಬಿಕೆ. ಕಥೆಯ ನಾಯಕ ಸವೆರಿಗಡಿಂಗ್. ಅವನ ಅವಳಿ ತಂಗಿ ವೆ ತೆನ್ರಿಅಬೆಂಗ್ ಸ್ವತಃ ಬಿಸ್ಸು. ಹಾಗಾಗಿ ಬಿಸ್ಸು ಅಂದರೆ ಹೆಣ್ಣಿನ ಬಟ್ಟೆ ಹಾಕಿದ ಗಂಡಸು ಅಂತ ಒಂದೇ ಮಾತಲ್ಲಿ ಮುಗಿಸಲು ಆಗುವುದಿಲ್ಲ. ಹಿಂದೆ ರಾಜಮನೆತನದ ಹೆಣ್ಣುಮಕ್ಕಳೂ ಬಿಸ್ಸು ಆಗಿದ್ದರು.

ಗಂಡು ಹೆಣ್ಣು ಎರಡಾಗಿ ಒಡೆಯದೆ ಪೂರ್ತಿಯಾಗಿ ಉಳಿದವರು ಬಿಸ್ಸು, ಅದಕ್ಕೇ ಅವರಿಗೆ ದೇವರ ಜೊತೆ ಮಾತಾಡಲು ಆಗುತ್ತದೆ ಅನ್ನುವುದು ಅವರೇ ಕೊಡುವ ವಿವರಣೆ. ದೇವರ ಜೊತೆ ಮಾತಾಡಲು ಅವರಿಗೆ ಬೇರೆಯದೇ ಒಂದು ಹಳೆಯ ಭಾಷೆಯಿದೆ. ಪೂಜೆಯ ದಿನ ತಲೆಗೆ ಹೂವು ಮುಡಿಯುತ್ತಾರೆ, ಸೊಂಟಕ್ಕೆ ಕ್ರಿಸ್ ಕಠಾರಿ ಸಿಕ್ಕಿಸುತ್ತಾರೆ. ಹೂವು ಹೆಣ್ಣಿನದು, ಕಠಾರಿ ಗಂಡಿನದು. ಎರಡೂ ಒಂದೇ ಮೈ ಮೇಲೆ.

ಮಗ್ಗಿರಿ ಅನ್ನುವ ಆಚರಣೆಯನ್ನು ವಿಡಿಯೋದಲ್ಲಿ ನೋಡಿದರೂ ಉಸಿರು ಹಿಡಿದುಕೊಳ್ಳುತ್ತೀರಿ. ಡೋಲು ನಿಧಾನವಾಗಿ ಶುರುವಾಗುತ್ತದೆ. ಬಿಸ್ಸುಗಳು ಸುತ್ತು ಹಾಕುತ್ತಾರೆ. ಡೋಲಿನ ಬಡಿತ ಏರುತ್ತದೆ. ಒಬ್ಬರು ಕಠಾರಿ ಹಿರಿದು ಮೊದಲು ಅಂಗೈಗೆ ಒತ್ತುತ್ತಾರೆ, ಆಮೇಲೆ ಕಣ್ಣಿನ ಪಕ್ಕಕ್ಕೆ, ಆಮೇಲೆ ಗಂಟಲಿಗೆ. ಸುಮ್ನೆ ತಾಗಿಸುವುದಲ್ಲ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಬಗ್ಗುತ್ತಾರೆ. ರಕ್ತ ಬರಲಿಲ್ಲ ಅಂದರೆ ದೇವರು ಮೈಮೇಲೆ ಬಂದಿದೆ ಅಂತ ಅರ್ಥ. ಆಗ ಅವರು ಕೊಡುವ ಆಶೀರ್ವಾದಕ್ಕೆ ಬೆಲೆ.

ರಾಜ್ಯಗಳಿದ್ದ ಕಾಲದಲ್ಲಿ ರಾಜನ ಪಟ್ಟಾಭಿಷೇಕ, ಅರಮನೆಯ ಮದುವೆ, ಹುಟ್ಟು, ಸಾವು ಎಲ್ಲಕ್ಕೂ ಇವರೇ ಬೇಕಿತ್ತು. ಅರಾಜಂಗ್ ಅನ್ನುವ ಪವಿತ್ರ ವಸ್ತುಗಳನ್ನು ಕಾಯುವವರೂ ಇವರೇ. ಪಂಗ್ಕೆಪ್ ಜಿಲ್ಲೆಯ ಸೆಗೆರಿಯಲ್ಲಿ ಆ ಅರಾಜಂಗ್ ಏನು ಗೊತ್ತಾ? ಒಂದು ನೇಗಿಲು. ಹಳೆಯ ಮರದ ನೇಗಿಲು. ವರ್ಷವಿಡೀ ಬಟ್ಟೆಯಲ್ಲಿ ಸುತ್ತಿ ಮನೆಯ ಮಾಡಿನ ಕೆಳಗೆ ತೂಗುಹಾಕಿರುತ್ತಾರೆ. ಮಳೆಗಾಲ ಶುರುವಾಗುವ ಹೊತ್ತಿಗೆ ಬಿಸ್ಸುಗಳು ಡೋಲು ಬಡಿದು, ಹಾಡು ಹೇಳಿ ಅದನ್ನು ಎಬ್ಬಿಸುತ್ತಾರೆ. ಹೌದು, ಎಬ್ಬಿಸುತ್ತಾರೆ, ನಿದ್ದೆ ಮಾಡುತ್ತಿರುವವರನ್ನು ಎಬ್ಬಿಸಿದ ಹಾಗೆ. ಆಮೇಲೆ ಮೆರವಣಿಗೆ, ದಾರಿಯುದ್ದಕ್ಕೂ ಜನ ಒಬ್ಬರ ಮೇಲೊಬ್ಬರು ನೀರು ಎರಚುತ್ತಾರೆ. ಇದಕ್ಕೆ ಮಪ್ಪಲಿಲಿ ಅನ್ನುತ್ತಾರೆ. ಇದಾದ ಮೇಲೆಯೇ ಊರಿನವರು ಗದ್ದೆಗೆ ಇಳಿಯುವುದು ಪದ್ಧತಿ.

ಚಲಬಾಯ್‌ಗಳ ಕೆಲಸ ಏನು?

ಮದುವೆ. ಬುಗಿಸರ ಮದುವೆ ನೂರಾರು ಜನ ಸೇರುವ, ಹಲವು ದಿನ ನಡೆಯುವ ದೊಡ್ಡ ಖರ್ಚಿನ ಕಾರ್ಯ. ಚಪ್ಪರ, ಅಲಂಕಾರ, ಮದುಮಕ್ಕಳ ಬಟ್ಟೆ, ಅಡುಗೆ ಎಲ್ಲದರ ಉಸ್ತುವಾರಿ ಹೆಚ್ಚಾಗಿ ಚಲಬಾಯ್‌ಗಳ ಕೈಯಲ್ಲಿ. ಅವರನ್ನು ಇಂದೊ ಬೊತ್ತಿಂಗ್ ಅನ್ನುತ್ತಾರೆ, ಅಂದರೆ ಮದುವೆಯ ತಾಯಿ.

ಮದುವೆಯ ಹಿಂದಿನ ರಾತ್ರಿ ಮಪ್ಪಚ್ಚಿ ಅನ್ನುವ ಶಾಸ್ತ್ರವಿದೆ. ಪಚ್ಚಿ ಅಂದರೆ ಮದರಂಗಿ ಸೊಪ್ಪು. ಮದುಮಗಳ ಮುಂದೆ ದಿಂಬು, ಅದರ ಮೇಲೆ ಮಡಿಸಿದ ಸಾರೊಂಗ್ ಬಟ್ಟೆಗಳು, ಬಾಳೆ ಎಲೆ, ಹಲಸಿನ ಎಲೆ ಇಡುತ್ತಾರೆ. ಪಕ್ಕದಲ್ಲಿ ಭತ್ತದ ಅರಳು, ಮೇಣದಬತ್ತಿ. ಹಿರಿಯರು ಒಬ್ಬೊಬ್ಬರಾಗಿ ಬಂದು ಅವಳ ಅಂಗೈಗೆ ಅರೆದ ಮದರಂಗಿ ಹಚ್ಚಿ ಹರಸುತ್ತಾರೆ. ಹಲಸಿಗೆ ಬುಗಿಸ್ ಮಾತಿನಲ್ಲಿ ಪನಸ ಅನ್ನುತ್ತಾರೆ. ಸಂಸ್ಕೃತದಲ್ಲೂ ಹಲಸು ಪನಸವೇ. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಮದುವೆ ದಿನ ಮದುಮಗಳ ಹಣೆಯ ಮೇಲೆ, ಕೂದಲು ಶುರುವಾಗುವ ಕಡೆ, ಕಪ್ಪು ಬಣ್ಣದಲ್ಲಿ ಅಂಚು ಬರೆಯುತ್ತಾರೆ. ಅದಕ್ಕೆ ದಡಸ ಅಂತ ಹೆಸರು. ಕೈ ಸ್ವಲ್ಪ ಅಲುಗಿದರೂ ಅಂಚು ಸೊಟ್ಟ. ಚೂಪು ತುದಿ, ಎರಡೂ ಬದಿ ಒಂದೇ ಅಳತೆ. ಅನುಭವಿ ಚಲಬಾಯ್ ಕೈಯಲ್ಲಿ ಅದು ಕೂರುವ ಹಾಗೆ ಬೇರೆಯವರ ಕೈಯಲ್ಲಿ ಕೂರುವುದಿಲ್ಲ ಅನ್ನುವುದು ಅಲ್ಲಿನ ಮನೆಗಳ ನಂಬಿಕೆ. ಚಲಬಾಯ್ ಇಲ್ಲದಿದ್ದರೆ ಮದುವೆ ಕಳೆಗಟ್ಟುವುದಿಲ್ಲ.

ಚಲಲಾಯ್ ಬಗ್ಗೆ ಯಾಕೆ ಯಾರೂ ಮಾತಾಡುವುದಿಲ್ಲ?

ಅವರು ಕಡಿಮೆ ಸಂಖ್ಯೆಯಲ್ಲಿದ್ದಾರೆ, ಮತ್ತು ಅವರಿಗೆ ಮದುವೆ, ಪೂಜೆಯಂತಹ ಒಂದು ಖಾಸಾ ಜಾಗ ಸಮಾಜದಲ್ಲಿ ಇಲ್ಲ. ಪ್ಯಾಂಟು ಶರ್ಟು, ಚಿಕ್ಕ ಕೂದಲು, ಸಿಗರೇಟು, ಕಮ್ಮಾರಿಕೆಯಂತಹ ಕೆಲಸ, ಗಂಡಸರ ಜೊತೆ ಒಡನಾಟ. ಹೆಂಡತಿಯ ಜೊತೆ ಸಂಸಾರ ಮಾಡುವವರೂ, ಮಗುವನ್ನು ಸಾಕಿಕೊಂಡವರೂ ಇದ್ದಾರೆ. ಆದರೆ ಹೆಣ್ಣಾಗಿ ಹುಟ್ಟಿದ ಮೇಲೆ ಮದುವೆ ಆಗಲೇಬೇಕು ಅನ್ನುವ ಒತ್ತಡ ಅವರ ಮೇಲೆ ಜಾಸ್ತಿ. ಮನೆತನದ ಮಾನವನ್ನು ಬುಗಿಸರು ಸಿರಿ ಅನ್ನುತ್ತಾರೆ. ಆ ಭಾರ ಹೆಣ್ಣುಮಕ್ಕಳ ತಲೆ ಮೇಲೆ ಕೂತಿರುತ್ತದೆ. ಮಗ ಮದುವೆಯಲ್ಲಿ ಅಲಂಕಾರ ಮಾಡಿಕೊಂಡು ಓಡಾಡಿದರೆ ನಗುನಗುತ್ತಾ ಬಿಡುವ ಮನೆ, ಮಗಳು ಮದುವೆ ಬೇಡ ಅಂದರೆ ಬಿಡುವುದಿಲ್ಲ. ಐದು ಹೆಸರು ಇದ್ದ ಮಾತ್ರಕ್ಕೆ ಐವರಿಗೂ ಒಂದೇ ನ್ಯಾಯ ಸಿಕ್ಕಿದೆ ಅಂದುಕೊಳ್ಳಬೇಡಿ.

ಪಶ್ಚಿಮದ ದೇಶಗಳ ಲಿಂಗ ನಿಯಮಕ್ಕೂ ಇದಕ್ಕೂ ನಿಜವಾದ ವ್ಯತ್ಯಾಸ ಏನು?

ಅಲ್ಲಿ ಎರಡು, ಇಲ್ಲಿ ಐದು ಅನ್ನುವುದು ಮೇಲಿನ ಲೆಕ್ಕ. ಒಳಗಿನ ವ್ಯತ್ಯಾಸ ಬೇರೆ.

ಯುರೋಪು, ಅಮೆರಿಕದಲ್ಲಿ ಮಗು ಹುಟ್ಟಿದ ತಕ್ಷಣ ದೇಹ ನೋಡಿ ಗಂಡು ಇಲ್ಲವೇ ಹೆಣ್ಣು ಅಂತ ಕಾಗದದಲ್ಲಿ ಬರೆದರು. ಬಹಳ ಕಾಲ ಅಷ್ಟೇ ಇತ್ತು. 20ನೇ ಶತಮಾನದ ನಡುವೆ ಅಲ್ಲಿನ ವೈದ್ಯರು, ಮನಶ್ಶಾಸ್ತ್ರಜ್ಞರು ದೇಹದ ಲಿಂಗ ಬೇರೆ, ಲಿಂಗತ್ವ ಬೇರೆ ಅಂತ ಬಿಡಿಸಿ ಹೇಳಲು ಶುರು ಮಾಡಿದರು. ಆಮೇಲೆ, ನಾನು ಯಾರು ಅನ್ನುವುದು ನನ್ನ ಒಳಗಿನ ಅರಿವು, ಅದನ್ನು ಹೇಳುವವನು ನಾನೇ ಅನ್ನುವ ವಿಚಾರ ಬಲವಾಯಿತು. ಒಬ್ಬ ವ್ಯಕ್ತಿ ತನ್ನೊಳಗೆ ನೋಡಿಕೊಳ್ಳುತ್ತಾರೆ, ಮನೆಯವರಿಗೆ ಹೇಳುತ್ತಾರೆ, ಆಮೇಲೆ ಸರ್ಕಾರದ ಕಾಗದ ಬದಲಿಸಿಕೊಳ್ಳುತ್ತಾರೆ.

ಬುಗಿಸ್ ಊರಿನಲ್ಲಿ ದೇಹವನ್ನೂ ನೋಡುತ್ತಾರೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಮಗು ಯಾರ ಜೊತೆ ಆಡುತ್ತದೆ, ಯಾವ ಕೆಲಸಕ್ಕೆ ಕೈ ಹಾಕುತ್ತದೆ, ಹೇಗೆ ನಡೆಯುತ್ತದೆ, ಕನಸಲ್ಲಿ ದೇವರ ಕರೆ ಬಂತಾ, ದೊಡ್ಡವರಾದ ಮೇಲೆ ಸಮಾಜದಲ್ಲಿ ಏನು ಮಾಡುತ್ತಾರೆ, ಇವೆಲ್ಲ ಸೇರಿ ಒಬ್ಬರು ಚಲಬಾಯ್ ಆಗುತ್ತಾರೆ ಅಥವಾ ಬಿಸ್ಸು ಆಗುತ್ತಾರೆ. ಐದು ವರ್ಷದ ಹುಡುಗ ಅಡುಗೆಮನೆ ಬಿಟ್ಟು ಬರದಿದ್ದರೆ ಊರಿಗೆ ಆಗಲೇ ಗೊತ್ತಾಗಿರುತ್ತದೆ. ಅದು ಕೋದ್ರತ್, ದೇವರು ಕೊಟ್ಟ ಸ್ವಭಾವ, ಅನ್ನುತ್ತಾರೆ. ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು ವಿಷಯ ತಿಳಿಸಬೇಕಾದ ಪ್ರಸಂಗವೇ ಅಲ್ಲಿ ಕಡಿಮೆ.

ನನ್ನ ಅಭಿಪ್ರಾಯ ಇದು: ಬುಗಿಸ್ ಊರು ಈ ಜನರಿಗೆ ಒಂದು ಜಾಗ ಕೊಟ್ಟಿದೆ, ಹಕ್ಕು ಕೊಟ್ಟಿಲ್ಲ. ಜಾಗ ಅಂದರೆ ಮದುವೆ ಮನೆಯಲ್ಲಿ, ಗದ್ದೆಯ ಪೂಜೆಯಲ್ಲಿ ನೀನಿಲ್ಲದೆ ಆಗದು ಅನ್ನುವ ಮಾತು. ಅದು ದೊಡ್ಡ ವಿಷಯ, ಒಬ್ಬಂಟಿ ಆಗಿ ನರಳಿದವರಿಗೆ ಅದರ ಬೆಲೆ ಗೊತ್ತು. ಆದರೆ ಅದೇ ಜಾಗ ಬಿಟ್ಟು ಚಲಬಾಯ್ ಒಬ್ಬರು ಶಾಲೆಯ ಮೇಡಂ ಆಗುತ್ತೇನೆ, ಸರ್ಕಾರಿ ಕಚೇರಿಯಲ್ಲಿ ಕೂರುತ್ತೇನೆ ಅಂದರೆ? ಆಗ ಊರು ಮುಖ ತಿರುಗಿಸುತ್ತದೆ. ಪಶ್ಚಿಮದಲ್ಲಿ ಹಲವು ದೇಶಗಳು ಕಾಗದದ ಮೇಲೆ ಹಕ್ಕು ಕೊಟ್ಟಿವೆ, ಯಾವ ಕೆಲಸ ಮಾಡುತ್ತೀಯ ಅಂತ ಕೇಳದೆ ಕೊಟ್ಟಿವೆ. ಆದರೆ ಸ್ವಂತ ಅಕ್ಕನ ಮದುವೆಗೆ ಬರಬೇಡ ಅನ್ನಿಸಿಕೊಂಡವರು ಅಲ್ಲಿ ಎಷ್ಟೋ ಜನ.

ಪಶ್ಚಿಮದಲ್ಲಿ ಯಾವಾಗಲೂ ಎರಡೇ ಇತ್ತಾ?

ಹಾಗೇನೂ ಇಲ್ಲ. ಅಲ್ಬೇನಿಯಾದ ಬೆಟ್ಟಗಳಲ್ಲಿ ಮದುವೆಯಾಗುವುದಿಲ್ಲ ಅಂತ ಪ್ರಮಾಣ ಮಾಡಿ ಗಂಡಸಾಗಿ ಬದುಕುವ ಹೆಣ್ಣುಮಕ್ಕಳಿದ್ದರು, ಕೆಲವರು ಈಗಲೂ ಇದ್ದಾರೆ. ಅವರಿಗೆ ಬುರ್ನೆಶ ಅನ್ನುತ್ತಾರೆ. ಇಟಲಿಯ ನೇಪಲ್ಸ್‌ನಲ್ಲಿ ಗಂಡು ದೇಹದಲ್ಲಿ ಹುಟ್ಟಿ ಹೆಣ್ಣಿನ ಹಾಗೆ ಬದುಕುವ ಫೆಮ್ಮಿನಿಯೆಲ್ಲಿ ಅನ್ನುವವರು ಇದ್ದಾರೆ, ಅವರಿಗೆ ಮಗು ಎತ್ತಿಕೊಡುವುದು ಶುಭ ಅಂತ ಜನ ನಂಬುತ್ತಿದ್ದರು. ಉತ್ತರ ಅಮೆರಿಕದ ಮೂಲನಿವಾಸಿ ಜನಾಂಗಗಳಲ್ಲೂ ಗಂಡು ಹೆಣ್ಣು ಎರಡರ ಆಚೆಗಿನ ಹೆಸರುಗಳಿದ್ದವು.

ಆದರೆ ಕಾನೂನು ಕಠಿಣವಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೋ ನಗರ 1863ರಲ್ಲಿ ತನ್ನ ಲಿಂಗಕ್ಕೆ ಸೇರದ ಬಟ್ಟೆ ಹಾಕಿ ರಸ್ತೆಗೆ ಬರುವುದು ಅಪರಾಧ ಅಂತ ನಿಯಮ ಮಾಡಿತು. ಅದು ಹೋಗಿದ್ದು 1974ರಲ್ಲಿ. ಆ ನಿಯಮ ಬರುವುದಕ್ಕೆ ಎರಡು ದಶಕ ಮುಂಚೆ, 1840ರಲ್ಲಿ, ಜೇಮ್ಸ್ ಬ್ರೂಕ್ ಅನ್ನುವ ಇಂಗ್ಲಿಷರವನು ವಾಜೊ ರಾಜ್ಯಕ್ಕೆ ಹೋಗಿ, ಅಲ್ಲಿ ಕೆಲವು ಗಂಡಸರು ಹೆಣ್ಣಿನ ಹಾಗೆ, ಕೆಲವು ಹೆಂಗಸರು ಗಂಡಿನ ಹಾಗೆ ಬದುಕುವುದನ್ನು ನೋಡಿ ದಿನಚರಿಯಲ್ಲಿ ಬರೆದುಕೊಂಡಿದ್ದ. ಆಗ ವಾಜೊದ ಆರು ಮುಖ್ಯ ನಾಯಕರಲ್ಲಿ ನಾಲ್ವರು ಹೆಂಗಸರು ಅನ್ನುವುದನ್ನೂ ಬರೆದಿದ್ದ.

ಬಿಸ್ಸುಗಳ ಬಗ್ಗೆ ಯುರೋಪಿನವರು ಬರೆದಿದ್ದು ಇದಕ್ಕೂ ಹಳೆಯದು. 1544ರಲ್ಲಿ ಅಲ್ಲಿಗೆ ಹೋದ ಪೋರ್ಚುಗೀಸ್ ವ್ಯಾಪಾರಿ ಅಂತೋನಿಯೊ ದೆ ಪೈವ, ಹೆಣ್ಣಿನ ವೇಷದ ಪೂಜಾರಿಗಳ ಬಗ್ಗೆ ಪತ್ರ ಬರೆದ. ಆ ಪತ್ರ ಹೋಗಿದ್ದು ಎಲ್ಲಿಗೆ? ನಮ್ಮ ಪಕ್ಕದ ಗೋವಾದ ಬಿಷಪ್‌ಗೆ.

ಈಗಿನ ಪಶ್ಚಿಮವೂ ಒಂದೇ ಥರ ಇಲ್ಲ. ಡೆನ್ಮಾರ್ಕ್ 2014ರಲ್ಲಿ ವೈದ್ಯರ ಚೀಟಿ ಇಲ್ಲದೆಯೇ ಲಿಂಗ ಬದಲಿಸಿ ಬರೆಸಲು ಅವಕಾಶ ಕೊಟ್ಟಿತು. ಜರ್ಮನಿ 2018ರಲ್ಲಿ ದಾಖಲೆಗಳಲ್ಲಿ ಮೂರನೇ ಆಯ್ಕೆ ತಂದಿತು. ಅಮೆರಿಕ 2022ರಲ್ಲಿ ಪಾಸ್‌ಪೋರ್ಟ್‌ನಲ್ಲಿ ಗಂಡು, ಹೆಣ್ಣು ಅನ್ನುವುದರ ಬದಲು ಎಕ್ಸ್ ಅಂತ ಬರೆಸಿಕೊಳ್ಳಲು ಬಿಟ್ಟು, 2025ರ ಜನವರಿಯಲ್ಲಿ ಅದನ್ನು ನಿಲ್ಲಿಸುವ ಆದೇಶ ಹೊರಡಿಸಿತು. ಹಾಗಾಗಿ ಪಶ್ಚಿಮ ಮುಂದೆ ಹೋಗಿದೆ, ಉಳಿದವರು ಹಿಂದೆ ಇದ್ದಾರೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಚಲಬಾಯ್ ಅಂದರೆ ಟ್ರಾನ್ಸ್ ಮಹಿಳೆ ಅಲ್ವಾ?

ಹತ್ತಿರದ ಮಾತು, ಆದರೆ ಒಂದೇ ಅಲ್ಲ. ಟ್ರಾನ್ಸ್ ಮಹಿಳೆ ಅಂದರೆ ಗಂಡು ದೇಹದಲ್ಲಿ ಹುಟ್ಟಿದರೂ ಮಹಿಳೆಯೇ. ಅವರು ಕೇಳುವುದೂ ಅದನ್ನೇ, ನನ್ನನ್ನು ಮಹಿಳೆ ಅಂತ ನೋಡಿ ಅಂತ. ಹಲವು ಚಲಬಾಯ್‌ಗಳು ತಾವು ಹೆಣ್ಣು ಅಂತ ಹೇಳಿಕೊಳ್ಳುವುದಿಲ್ಲ. ಹೆಣ್ಣಿಗೆ ಇರುವ ಕಟ್ಟುಪಾಡು ಅವರಿಗಿಲ್ಲ. ಕತ್ತಲಾದ ಮೇಲೆ ಓಡಾಡುತ್ತಾರೆ, ಗಿಡ್ಡ ಲಂಗ ಹಾಕುತ್ತಾರೆ, ಜೋರಾಗಿ ನಗುತ್ತಾರೆ. ನಾನು ಚಲಬಾಯ್, ಅಷ್ಟೇ, ಅನ್ನುತ್ತಾರೆ. ಅವರು ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟುತ್ತಿಲ್ಲ. ಅವರಿರುವ ಕಡೆಯೇ ಒಂದು ದಡ.

ಈಗಿನ ಕಿರಿಯರು ಮೊಬೈಲ್ ನೋಡುತ್ತಾ ಬೆಳೆದವರು. ಇಂಡೋನೇಷ್ಯಾದಲ್ಲಿ ಟ್ರಾನ್ಸ್ ಮಹಿಳೆಯರಿಗೆ ವಾರಿಯಾ, ಟ್ರಾನ್ಸ್‌ಪುವಾನ್ ಅನ್ನುವ ಪದಗಳೂ ಬಳಕೆಯಲ್ಲಿವೆ. ಒಬ್ಬರೇ ಊರಿನಲ್ಲಿ ಚಲಬಾಯ್, ಮಕಾಸ್ಸರ್ ಪಟ್ಟಣದಲ್ಲಿ ವಾರಿಯಾ ಅಂತ ಹೇಳಿಕೊಳ್ಳಬಹುದು. ಯಾವ ಹೆಸರು ಅನ್ನುವುದನ್ನು ಅವರಿಗೇ ಬಿಡಿ.

ಮುಸ್ಲಿಮರಾಗಿದ್ದುಕೊಂಡು ಇದು ಹೇಗೆ ಸಾಧ್ಯ?

ಈ ಪ್ರಶ್ನೆ ಕೇಳುವವರು ಇಸ್ಲಾಂ ಎಲ್ಲ ಕಡೆ ಒಂದೇ ಥರ ಇದೆ ಅಂದುಕೊಂಡಿರುತ್ತಾರೆ. ದಕ್ಷಿಣ ಸುಲಾವೆಸಿಯಲ್ಲಿ ಇಸ್ಲಾಂ ಬಂದಾಗ ಹಳೆಯ ಪದ್ಧತಿ ಪೂರ್ತಿ ಹೋಗಲಿಲ್ಲ. ಎರಡೂ ಪಕ್ಕಪಕ್ಕ ಉಳಿದವು. ಬಿಸ್ಸುಗಳು ನಮಾಜು ಮಾಡುತ್ತಾರೆ, ಉಪವಾಸ ಇರುತ್ತಾರೆ, ಹಜ್ ಮಾಡಿ ಬಂದವರೂ ಇದ್ದಾರೆ. ಮೆಕ್ಕಾಗೆ ಹೊರಡುವ ಮುಂಚೆ ಬಿಸ್ಸು ಹತ್ತಿರ ಹೋಗಿ ಆಶೀರ್ವಾದ ತೆಗೆದುಕೊಳ್ಳುವ ಮನೆಗಳಿವೆ. ಇದನ್ನು ಒಪ್ಪದ ಧರ್ಮಗುರುಗಳೂ ಅಲ್ಲೇ ಇದ್ದಾರೆ. ಆ ಜಗಳ 400 ವರ್ಷದ್ದು.

ಅಂದರೆ ಅಲ್ಲಿ ಇವರಿಗೆ ತೊಂದರೆಯೇ ಇಲ್ಲ?

ಇದೆ, ತುಂಬಾ ಇದೆ. ಇದನ್ನು ಹೇಳದೆ ಉಳಿದಿದ್ದನ್ನೆಲ್ಲ ಹೇಳುವುದು ಅನ್ಯಾಯ.

1950ರ ದಶಕದಲ್ಲಿ ಕಹರ್ ಮುಜಕ್ಕರ್ ನಾಯಕತ್ವದಲ್ಲಿ ಇಸ್ಲಾಮಿಕ್ ರಾಜ್ಯ ಬೇಕು ಅಂತ ದಕ್ಷಿಣ ಸುಲಾವೆಸಿಯಲ್ಲಿ ದಂಗೆ ಶುರುವಾಯಿತು. 1965ರಲ್ಲಿ ಅವನನ್ನು ಸೈನ್ಯ ಕೊಲ್ಲುವವರೆಗೂ ಅದು ನಡೆಯಿತು. ದಂಗೆಕೋರರು ಬಿಸ್ಸುಗಳನ್ನು ಹುಡುಕಿ ಹುಡುಕಿ ಹಿಡಿದರು. ತಲೆ ಬೋಳಿಸಿದರು, ಗಂಡಸರ ಬಟ್ಟೆ ಹಾಕಿಸಿದರು, ಕೆಲವರನ್ನು ಕೊಂದರು. ಪೂಜೆಯ ವಸ್ತುಗಳನ್ನು ಸುಟ್ಟರು, ನೀರಿಗೆ ಎಸೆದರು. ಅದು ಮುಗಿದ ಮೇಲೆ 1960ರ ದಶಕದ ನಡುವಿನ ರಾಜಕೀಯ ಹಿಂಸೆಯಲ್ಲೂ ಅವರನ್ನು ಬಿಡಲಿಲ್ಲ. ಪಶ್ಚಾತ್ತಾಪದ ಕಾರ್ಯಾಚರಣೆ ಅನ್ನುವ ಹೆಸರಿನಲ್ಲಿ ಗಂಡಸರಾಗಿ ಬದಲಾಗಿ, ಇಲ್ಲವೇ ಸಾಯಿರಿ ಅಂದರು. ಉಳಿದವರು ಎಷ್ಟೋ ವರ್ಷ ಅವಿತುಕೊಂಡು ಬದುಕಿದರು. ಸೆಗೆರಿಯಲ್ಲಿ ಹಿಂದೆ ಬಿಸ್ಸುಗಳ ಪೂರ್ತಿ ಬಳಗ ಅಂದರೆ 40 ಜನ. ಇವತ್ತು ಬೆರಳೆಣಿಕೆಯಷ್ಟು.

1998ರಲ್ಲಿ ದೇಶದ ಅಧ್ಯಕ್ಷ ಸುಹಾರ್ತೊ ಅಧಿಕಾರದಿಂದ ಇಳಿದ ಮೇಲೆ ಸ್ವಲ್ಪ ಉಸಿರಾಡುವ ಹಾಗಾಯಿತು. ಸ್ಥಳೀಯ ಸಂಸ್ಕೃತಿ ಅಂತ ಹಬ್ಬಗಳಿಗೆ ಬಿಸ್ಸುಗಳನ್ನು ಕರೆಯಲು ಶುರು ಮಾಡಿದರು. 2004ರಲ್ಲಿ ಲಾ ಗಲಿಗೊ ಕಥೆ ಸಿಂಗಪುರದಲ್ಲಿ ರಂಗಕ್ಕೆ ಬಂದಾಗ ಸೆಗೆರಿಯ ಹಿರಿಯ ಬಿಸ್ಸು ಪುವಾಂಗ್ ಮತೊವ ಸೈದಿ ವೇದಿಕೆ ಮೇಲಿದ್ದರು. ಆದರೆ 2016ರಿಂದ ಇಡೀ ಇಂಡೋನೇಷ್ಯಾದಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ವಿರುದ್ಧ ರಾಜಕಾರಣಿಗಳ ಮಾತು ಜೋರಾಯಿತು. 2017ರ ಜನವರಿಯಲ್ಲಿ ಸೊಪ್ಪೆಂಗ್‌ನಲ್ಲಿ ವಾರಿಯಾ ಮತ್ತು ಬಿಸ್ಸುಗಳ ಆಟೋಟ, ಕಲೆಯ ಕಾರ್ಯಕ್ರಮವನ್ನು ಪೊಲೀಸರು ನಿಲ್ಲಿಸಿದರು. ಆಟ, ಹಾಡು, ಕುಣಿತ. ಅದನ್ನೂ ನಿಲ್ಲಿಸಿದರು. ಅಲ್ಲಿನ ಗುರುತಿನ ಚೀಟಿಯಲ್ಲಿ ಇವತ್ತಿಗೂ ಗಂಡು, ಹೆಣ್ಣು ಎರಡೇ ಇರುವುದು.

ಬಿಸ್ಸು ಅಂದರೆ ನಮ್ಮ ಜೋಗಪ್ಪನವರ ಹಾಗೇನಾ?

ನೆನಪಾಗುವುದು ಸಹಜ. ನಮ್ಮ ಕಡೆ, ಉತ್ತರ ಕರ್ನಾಟಕದಲ್ಲಿ, ಜೋಗಪ್ಪನವರು ತಲೆ ಮೇಲೆ ಎಲ್ಲಮ್ಮನ ಕೊಡ ಹೊತ್ತು ಮನೆ ಮುಂದೆ ಬಂದರೆ ನಮ್ಮ ಅಜ್ಜಿ ಮೊರದ ತುಂಬ ಜೋಳ ತಂದು ನೀಡಿ, ಸೆರಗು ಹೊದ್ದು ಕಾಲಿಗೆ ಬೀಳುತ್ತಿದ್ದಳು. ಚೌಡಿಕೆ ಸದ್ದು ಓಣಿಯ ತಿರುವಿನಲ್ಲೇ ಕೇಳುತ್ತಿತ್ತು. ಅದೇ ಜೋಗಪ್ಪನವರು ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕೂತರೆ ಜನ ಎದ್ದು ಹೋಗುತ್ತಿದ್ದರು. ಪೂಜೆಯಲ್ಲಿ ಗೌರವ, ದಾರಿಯಲ್ಲಿ ಅವಮಾನ. ಈ ಒಂದು ವಿಷಯದಲ್ಲಿ ಬಿಸ್ಸು ಮತ್ತು ಜೋಗಪ್ಪ ಒಂದೇ ದೋಣಿಯಲ್ಲಿದ್ದಾರೆ.

ಆದರೆ ಒಂದೇ ಅಂತ ಬೆರೆಸಬೇಡಿ. ಜೋಗಪ್ಪ ಆಗುವುದು ಎಲ್ಲಮ್ಮ ಹಿಡಿದಳು ಅನ್ನುವ ನಂಬಿಕೆಯಿಂದ, ಮುತ್ತು ಕಟ್ಟಿಸಿಕೊಂಡು. ಬಿಸ್ಸುಗಳದ್ದು ಅರಮನೆಯ ಪೂಜಾರಿ ಪರಂಪರೆ, ರಾಜನ ಅಧಿಕಾರಕ್ಕೆ ಅಂಟಿಕೊಂಡು ಬೆಳೆದಿದ್ದು. ಅರಮನೆ ಹೋದಾಗ ಅವರ ಅನ್ನವೂ ಹೋಯಿತು. ನಮ್ಮಲ್ಲಿ 2014ರ ಸುಪ್ರೀಂ ಕೋರ್ಟ್ ತೀರ್ಪು ಮೂರನೇ ಲಿಂಗಕ್ಕೆ ಮಾನ್ಯತೆ ಕೊಟ್ಟಿತು, 2021ರಲ್ಲಿ ಕರ್ನಾಟಕ ಸರ್ಕಾರಿ ಕೆಲಸದಲ್ಲಿ ಶೇ 1 ಮೀಸಲಾತಿ ತಂದಿತು, ಅದೇ ವರ್ಷ ಮಂಜಮ್ಮ ಜೋಗತಿಯವರು ಪದ್ಮಶ್ರೀ ಪಡೆದರು. ಇಂಡೋನೇಷ್ಯಾದಲ್ಲಿ ಅಂತಹ ಕಾನೂನು ಇಲ್ಲ.

ಸಿಂಗಪುರದ ಬುಗಿಸ್ ಸ್ಟ್ರೀಟ್‌ಗೂ ಇದಕ್ಕೂ ಸಂಬಂಧ ಇದೆಯಾ?

ಹೆಸರಿನ ಸಂಬಂಧ ಮಾತ್ರ. ಬುಗಿಸ್ ವ್ಯಾಪಾರಿಗಳು ಬಂದು ಹಡಗು ನಿಲ್ಲಿಸುತ್ತಿದ್ದ ಕಡೆ ಅದು, ಅದಕ್ಕೇ ಆ ಹೆಸರು. 1950ರಿಂದ 1980ರ ದಶಕದವರೆಗೆ ರಾತ್ರಿ ಅಲ್ಲಿ ಅಲಂಕರಿಸಿಕೊಂಡು ಬರುತ್ತಿದ್ದ ಟ್ರಾನ್ಸ್ ಮಹಿಳೆಯರಿಂದ ಆ ಬೀದಿ ಪ್ರಸಿದ್ಧವಾಯಿತು. ಅವರು ಚಲಬಾಯ್‌ಗಳಲ್ಲ. ಈಗ ಅಲ್ಲಿ ಅಂಗಡಿಗಳು.

ಕನ್ನಡದಲ್ಲಿ ಬರೆಯುವಾಗ ಅವನು ಅನ್ನಬೇಕಾ, ಅವಳು ಅನ್ನಬೇಕಾ?

ಬುಗಿಸ್ ಭಾಷೆಯಲ್ಲಿ ಈ ಕಷ್ಟವೇ ಇಲ್ಲ. ಅವನು, ಅವಳು ಎರಡಕ್ಕೂ ಅಲ್ಲಿ ಒಂದೇ ರೂಪ. ಕನ್ನಡದಲ್ಲಿ ಬಾಯಿ ತೆರೆದರೆ ಬಂದ, ಬಂದಳು ಅಂತ ಕ್ರಿಯಾಪದದಲ್ಲೇ ಲಿಂಗ ಬಂದುಬಿಡುತ್ತದೆ. ನಾನು ಅವರು, ಬಂದರು, ಹೇಳಿದರು ಅಂತಲೇ ಬರೆಯುತ್ತೇನೆ. ಅದು ನಮ್ಮಲ್ಲಿ ಗೌರವದ ಮಾತೂ ಹೌದು. ಮಕ್ಕಳ ಬಗ್ಗೆ ಬರೆಯುವಾಗ ಮಗು, ಅದು ಅನ್ನಬಹುದು. ದೊಡ್ಡವರಿಗೆ ಅದು ಅನ್ನಬೇಡಿ, ಯಾವತ್ತೂ ಬೇಡ.

ಹೋಗಿ ನೋಡಬಹುದಾ?

ಹೋಗಬಹುದು. ಮಕಾಸ್ಸರ್‌ಗೆ ವಿಮಾನ ಇದೆ. ಅಲ್ಲಿಂದ ಉತ್ತರಕ್ಕೆ ಕರಾವಳಿ ರಸ್ತೆ ಹಿಡಿದರೆ ಪಂಗ್ಕೆಪ್, ಆಮೇಲೆ ಸೆಗೆರಿ. ಮಪ್ಪಲಿಲಿ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ನಡೆಯುತ್ತದೆ, ದಿನವನ್ನು ಬಿಸ್ಸುಗಳೇ ನೋಡಿ ಹೇಳುತ್ತಾರೆ, ಹಾಗಾಗಿ ಮೊದಲೇ ವಿಚಾರಿಸಿಕೊಳ್ಳಿ. ನೇಗಿಲು ಇಟ್ಟಿರುವ ಮನೆ ಪೂಜೆಯ ಜಾಗ. ಒಳಗೆ ಹೋಗುವ ಮುಂಚೆ, ಫೋಟೋ ತೆಗೆಯುವ ಮುಂಚೆ ಕೇಳಿ. ಯಾರನ್ನೂ ನೀವು ಗಂಡಾ ಹೆಣ್ಣಾ ಅಂತ ಕೇಳಬೇಡಿ. ಹೆಸರು ಕೇಳಿ. ಮೆರವಣಿಗೆಯಲ್ಲಿ ಮೈ ಪೂರ್ತಿ ಒದ್ದೆಯಾಗುತ್ತದೆ, ಬೇರೆ ಬಟ್ಟೆ ಇಟ್ಟುಕೊಂಡಿರಿ.